ಅವರ ಗೋಡೆ, ನಮ್ಮ ಸುಣ್ಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಬಾಡಿಗೆ ಮನೆಯಲ್ಲಿದ್ದು ನೋಡು, ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು ಎಂಬ ಎರಡು ಮಾತನ್ನು ಅವರು ಸೇರಿಸಲಿಲ್ಲ. ನಾನು ಈ ಎರಡನ್ನೂ ಮಾಡಿ ನೋಡಿದವಳು. ಸಿಂಧನೂರಿನಲ್ಲಿ ಐದು ವರ್ಷ, ಮಸ್ಕಿಯಲ್ಲಿ ಹನ್ನೊಂದು ವರ್ಷ ಬಾಡಿಗೆ ಮನೆಯಲ್ಲಿದ್ದೆ. ಈಗ ಲಿಂಗಸುಗೂರಿನಲ್ಲಿ ನಮ್ಮದೇ ಮನೆ. ಅದರ ಮೇಲಿನ ಎರಡು ಕೋಣೆ, ಅಡುಗೆಮನೆಯನ್ನು ಬಾಡಿಗೆಗೆ ಕೊಡುತ್ತೇವೆ. ಈ ಮೂರೂ ಊರುಗಳು ಒಂದೇ ರಸ್ತೆಯ ಮೇಲಿವೆ. ಬಸ್ಸಿನಲ್ಲಿ ಕುಳಿತರೆ ಒಂದೂವರೆ ಎರಡು ತಾಸಿನ ದಾರಿ. ಆದರೆ ಬಾಡಿಗೆದಾರಳ ಜಾಗದಿಂದ ಮಾಲೀಕಳ ಜಾಗಕ್ಕೆ ಬರಲು ನನಗೆ ಹದಿನಾರು ವರ್ಷ ಬೇಕಾಯಿತು. ಬಂದ ಮೇಲೆ, ಬಂದ ದಾರಿಯನ್ನು ಮರೆಯಲು ಹೆಚ್ಚು ದಿನ ಬೇಕಾಗಲಿಲ್ಲ.

ನನ್ನನ್ನು ಕಾಡಿದ ಪ್ರಶ್ನೆ ಸಣ್ಣದು. ಬೇರೆಯವರ ಮನೆಯನ್ನು ನಾವು ನಮ್ಮ ದುಡ್ಡು ಹಾಕಿ ಚೆಂದ ಮಾಡಿದರೆ ಆ ಚೆಂದ ಯಾರದು? ಅದರ ಖರ್ಚನ್ನು ನ್ಯಾಯವಾಗಿ ಯಾರು ಹೊರಬೇಕು? ಬಾಡಿಗೆ ಮನೆಯಲ್ಲಿ ಸಂಸಾರ ಮಾಡಿದ ಹೆಂಗಸರೆಲ್ಲ ಒಂದಲ್ಲ ಒಂದು ದಿನ, ಒಡೆದ ಬಚ್ಚಲು ಕಲ್ಲಿನ ಮುಂದೆ ನಿಂತು, ಈ ಪ್ರಶ್ನೆಯನ್ನು ಕೇಳಿಕೊಂಡೇ ಇರುತ್ತಾರೆ.

1996ರಲ್ಲಿ ನನಗೆ ಸಿಂಧನೂರಿನ ಹತ್ತಿರದ ಹಳ್ಳಿಯ ಪ್ರೌಢಶಾಲೆಯಲ್ಲಿ ಕೆಲಸ ಸಿಕ್ಕಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ನೆಲ ಭತ್ತದ ನೆಲವಾಗಿ, ಅಕ್ಕಿ ಗಿರಣಿಗಳೆದ್ದು, ವ್ಯಾಪಾರದವರು, ನೌಕರರು ಬಂದು ಸೇರಿ ಸಿಂಧನೂರು ಭರದಿಂದ ಬೆಳೆದ ಊರು. ಊರು ಬೆಳೆಯುವಾಗ ಬಾಡಿಗೆ ಮನೆಗಳನ್ನೂ ಭರದಿಂದಲೇ ಕಟ್ಟುತ್ತಾರೆ. ನಮಗೆ ಸಿಕ್ಕಿದ್ದು ಸಾಲಾಗಿ ನಾಲ್ಕು ಮನೆಗಳಿದ್ದ ಒಂದು ವಠಾರ. ತಿಂಗಳಿಗೆ 400 ರೂಪಾಯಿ ಬಾಡಿಗೆ, 2,000 ರೂಪಾಯಿ ಅಡ್ವಾನ್ಸು. ಮುಂದಿನ ಕೋಣೆಗೆ ದೊಡ್ಡ ಕಿಟಕಿ, ಬಣ್ಣದ ಬಾಗಿಲು. ಹಿಂದಿನ ಅಡುಗೆಮನೆಗೆ ಅಂಗೈಯಗಲದ ಬೆಳಕಿಂಡಿ. ನೆಲಕ್ಕೆ ಬರೀ ಸಿಮೆಂಟು ಬಳಿದಿದ್ದರು. ಕೆಳಗಿದ್ದದ್ದು ಎರೆಮಣ್ಣು. ಅದು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ನೆಲವೂ ಹಾಗೆಯೇ ಬಾಯಿ ಬಿಟ್ಟಿತ್ತು. ಮನೆ ನೋಡಲು ಗಂಡಸರು ಬಂದರೆ ಮುಂದಿನ ಕೋಣೆ ನೋಡಿ ಒಪ್ಪಿಕೊಂಡು ಹೋಗುತ್ತಾರೆ. ಹಿಂದಿನ ಕೋಣೆಯಲ್ಲಿ ಬದುಕುವವರು ನಾವು.

ಎರಡು ವರ್ಷ ನೆಲದ ಮೇಲೆ ಒಲೆ ಇಟ್ಟು, ಬಗ್ಗಿ ಬಗ್ಗಿ ಅಡುಗೆ ಮಾಡಿದೆ. ಸೊಂಟ ನೋವು ಶುರುವಾಯಿತು. 1998ರಲ್ಲಿ ಧೈರ್ಯ ಮಾಡಿ ಮನೆಯ ಯಜಮಾನರನ್ನು ಕೇಳಿದೆ: ಅಡುಗೆಮನೆಗೊಂದು ಕಟ್ಟೆ, ನೆಲಕ್ಕೆ ಶಹಾಬಾದ್ ಪರ್ಸಿ, ಹಿತ್ತಲಲ್ಲಿ ನೀರು ಹಿಡಿದಿಡಲು ಒಂದು ತೊಟ್ಟಿ. ಅವರು ಎಲೆ ಅಡಿಕೆ ಮೆಲ್ಲುತ್ತ, “ನಿಮಗ ಬೇಕಾದ್ರ ಮಾಡಿಸ್ಕೊಳ್ರಿ ಟೀಚರ್, ನಮ್ದೇನು ತಕರಾರಿಲ್ಲ” ಎಂದರು. ತಕರಾರಿಲ್ಲ ಎನ್ನುವುದನ್ನೇ ನಾನು ಉಪಕಾರವೆಂದು ತಿಳಿದೆ. ಗೌಂಡಿಯನ್ನು ಕರೆಸಿ, ಎರಡು ರವಿವಾರ ಎದುರಿಗೆ ನಿಂತು ಮಾಡಿಸಿದೆ. ಕಲ್ಲು, ಸಿಮೆಂಟು, ಕೂಲಿ ಎಲ್ಲ ಸೇರಿ 3,200 ರೂಪಾಯಿ ಆಯಿತು. ಆಗಿನ ನನ್ನ ಸಂಬಳಕ್ಕೆ ಅದು ಸಣ್ಣ ಮೊತ್ತವಲ್ಲ. ಆದರೂ ಮೊದಲ ಸಲ ನಿಂತುಕೊಂಡು ಚಪಾತಿ ಲಟ್ಟಿಸಿದ ದಿನ ಆದ ಸಂತೋಷ ಈಗಲೂ ನೆನಪಿದೆ.

ಮರುವರ್ಷ ಯಜಮಾನರು ಬಂದರು. ಬಾಡಿಗೆ 550 ಎಂದರು. ಒಮ್ಮೆಲೇ ನೂರೈವತ್ತು ಯಾಕೆ ಎಂದು ನಮ್ಮವರು ಕೇಳಿದರು. “ಮನಿ ಈಗ ಮೊದ್ಲಿನ್ಹಂಗ ಇಲ್ಲಲ್ರಿ. ಕಟ್ಟಿ ಐತಿ, ಪರ್ಸಿ ಐತಿ, ತೊಟ್ಟಿ ಐತಿ. ಹೊರಗ ಕೇಳಿ ನೋಡ್ರಿ, ಇಂಥ ಮನಿಗೆ ಆರುನೂರು ಕೊಡೋರದಾರ” ಎಂದರು. ಅವರು ಸುಳ್ಳು ಹೇಳಲಿಲ್ಲ. ಅಂಥ ಮನೆಗೆ ಹೊರಗೆ ಅಷ್ಟು ಕೊಡುವವರಿದ್ದರು. ನಾನು ಒಳಗೆ, ನನ್ನದೇ ಕಟ್ಟೆಯ ಮುಂದೆ ನಿಂತು, ಆ ಮಾತು ಕೇಳಿಸಿಕೊಂಡೆ.

ಆ ಮನೆಯನ್ನು ಬಿಡುವವರೆಗೆ ಇನ್ನೆರಡು ವರ್ಷ ಆ ಬಾಡಿಗೆ ಕೊಟ್ಟೆವು. ಇಪ್ಪತ್ತನಾಲ್ಕು ತಿಂಗಳಿಗೆ ನೂರೈವತ್ತರಂತೆ 3,600 ರೂಪಾಯಿ. ಆ ಕಟ್ಟೆ, ಪರ್ಸಿ, ತೊಟ್ಟಿಗೆ ನಾನು ಎರಡು ಸಲ ಹಣ ಕೊಟ್ಟಂತಾಯಿತು, ಒಮ್ಮೆ ಗೌಂಡಿಗೆ, ಇನ್ನೊಮ್ಮೆ ಮಾಲೀಕರಿಗೆ. ಬಿಡುವಾಗ ಮೂರನ್ನೂ ಅಲ್ಲಿಯೇ ಬಿಟ್ಟು ಬಂದೆ.

ಬಹಳ ವರ್ಷ ಇದನ್ನು ಬರೀ ಸಿಟ್ಟಾಗಿ ಇಟ್ಟುಕೊಂಡಿದ್ದೆ. ಈಗ ಬಿಡಿಸಿ ನೋಡಿದರೆ ಅವರ ಕಡೆಗೂ ಒಂದು ಮಾತಿದೆ ಎನ್ನಿಸುತ್ತದೆ. ಕಟ್ಟೆ ಬೇಕೆಂದು ಅವರು ಕೇಳಿರಲಿಲ್ಲ. ಅವರ ಪಾಲಿಗೆ ಅದು ಇಲ್ಲದೆಯೂ ಮನೆ ಬಾಡಿಗೆಗೆ ಹೋಗುತ್ತಿತ್ತು. ನಾಳೆ ಬಾಡಿಗೆದಾರರೆಲ್ಲ ತಮಗೆ ಬೇಕಾದಂತೆ ಗೋಡೆ ಒಡೆದು, ಗೂಡು ಕೊರೆದು, ಹೋಗುವಾಗ ಬಿಲ್ಲು ಮುಂದಿಟ್ಟರೆ ಯಾವ ಮಾಲೀಕ ತಾನೇ ತಾಳಿಯಾನು? ಜೊತೆಗೆ ನನ್ನದೂ ಒಂದು ತಪ್ಪಿತ್ತು. ನಾನು ಅಪ್ಪಣೆ ಕೇಳಿದೆ, ಹಣದ ಮಾತು ಕೇಳಲಿಲ್ಲ. ಸಂಕೋಚ! ತರಗತಿಯಲ್ಲಿ ಅರವತ್ತು ಹುಡುಗರನ್ನು ಹದ್ದಿನಲ್ಲಿಡುತ್ತಿದ್ದವಳಿಗೆ “ಇದರ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೀರಾ?” ಎಂಬ ಒಂದು ವಾಕ್ಯ ಬಾಯಿಗೆ ಬರಲಿಲ್ಲ. ಹಣದ ಮಾತನ್ನು ಗಂಡಸರೇ ಆಡಬೇಕೆಂದು ನಾನೂ ನಂಬಿದ್ದೆ. ಗಂಡಸರು ಆಡುವ ಹೊತ್ತಿಗೆ ಕಟ್ಟೆ ಎದ್ದು ವರ್ಷವಾಗಿತ್ತು.

ಸಿಟ್ಟು ಇಳಿದ ಮೇಲೆ ನನಗೆ ಹೊಳೆದದ್ದು, ಮನೆಯ ಮೇಲೆ ಹಾಕುವ ಹಣವೆಲ್ಲ ಒಂದೇ ಜಾತಿಯದಲ್ಲ ಎಂಬುದು. ಮೂರು ಬಗೆ ಇದೆ. ಸೋರುವ ಚಾವಣಿ, ಬಿರುಕು ಬಿಟ್ಟ ಗೋಡೆ, ಸುಟ್ಟುಹೋದ ವಾಯರು — ಇವು ದುರಸ್ತಿ. ಬಾಡಿಗೆ ಪಡೆಯುವವರು ವಾಸಕ್ಕೆ ತಕ್ಕ ಮನೆಯನ್ನು ಕೊಡುತ್ತೇವೆಂದು ಒಪ್ಪಿಕೊಂಡಿರುವುದರಿಂದ ಇದು ಅವರ ಮೇಲಿನ ಋಣ. ಪರದೆ, ಫ್ಯಾನು, ಕೂಲರು, ಗೋಡೆಗೆ ನಮಗೆ ಇಷ್ಟವಾದ ಬಣ್ಣ — ಇವು ಸೌಕರ್ಯ. ಒಂದೋ ನಾವು ಹೋಗುವಾಗ ನಮ್ಮ ಜೊತೆ ಬರುತ್ತವೆ, ಇಲ್ಲವೇ ನಾವಿರುವಾಗಲೇ ಸವೆದು ಮುಗಿಯುತ್ತವೆ. ಇದು ಇರುವವರ ಖರ್ಚು. ಮೂರನೆಯದೇ ಜಗಳದ ಮೂಲ. ಅಡುಗೆ ಕಟ್ಟೆ, ನೀರಿನ ತೊಟ್ಟಿ, ಪಾಯಿಖಾನೆ, ಹೊಸ ಕಿಟಕಿ. ಇವು ಇರುವವರ ಅಗತ್ಯದಿಂದ ಹುಟ್ಟುತ್ತವೆ, ಆದರೆ ಅವರು ಹೋದ ಮೇಲೂ ಮನೆಯಲ್ಲಿ ಉಳಿಯುತ್ತವೆ. ಇವನ್ನು ಸುಧಾರಣೆ ಎನ್ನೋಣ.

ಕಾನೂನು ಏನು ಹೇಳುತ್ತದೆ ಎಂದು ಕುತೂಹಲದಿಂದ ನೋಡಿದ್ದೇನೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಕಲಮು ಇದೆ. ಬೇರೆ ಕರಾರಿಲ್ಲದಿದ್ದಾಗ ಅನ್ವಯಿಸುವಂಥದು. ಮಾಲೀಕ ತಾನು ಮಾಡಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಅದರ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ತಾನು ಜೋಡಿಸಿದ್ದನ್ನು ಕಿತ್ತುಕೊಂಡು ಹೋಗಬಹುದು, ಆದರೆ ಆಸ್ತಿಯನ್ನು ತಾನು ಪಡೆದ ಸ್ಥಿತಿಯಲ್ಲೇ ಬಿಡಬೇಕು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅಡುಗೆ ಕಟ್ಟೆಯನ್ನು ಕಿತ್ತು ಎಲ್ಲಿಗೆ ಒಯ್ಯುವುದು? ಬಿಟ್ಟು ಹೋದದ್ದಕ್ಕೆ ಹಣ ಕೊಡಬೇಕೆಂದು ಆ ಕಲಮು ಹೇಳುವುದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯ್ದೆಯನ್ನು ಒಪ್ಪಿ ರಾಜ್ಯಗಳಿಗೆ ಕಳಿಸಿತು. ರಾಜ್ಯಗಳು ತಮ್ಮದಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ಅದರ ಪಟ್ಟಿಯಲ್ಲಿ ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ಕೊಳವೆ ಬದಲಿಸುವುದು, ವಾಯರಿಂಗ್ ಇವೆಲ್ಲ ಮಾಲೀಕರ ಪಾಲು. ನಲ್ಲಿಯ ವಾಷರು, ಸ್ವಿಚ್ಚಿನ ದುರಸ್ತಿ, ಚರಂಡಿ ಸ್ವಚ್ಛ ಮಾಡುವುದು, ಒಡೆದ ಕಿಟಕಿಯ ಗಾಜು ಬಾಡಿಗೆದಾರರ ಪಾಲು. ಮಾಲೀಕರು ಮನೆಯನ್ನು ಸುಧಾರಿಸಿ ಬಾಡಿಗೆ ಏರಿಸುವುದಾದರೆ ಕೆಲಸ ಶುರುವಾಗುವ ಮೊದಲೇ ಬಾಡಿಗೆದಾರರ ಜೊತೆ ಬರಹದಲ್ಲಿ ಒಪ್ಪಂದವಾಗಬೇಕು ಎಂದೂ ಅದು ಹೇಳುತ್ತದೆ. ಮೊದಲೇ ಮಾತಾಡಬೇಕು ಎಂಬ ಇಷ್ಟು ಸಣ್ಣ ಬುದ್ಧಿ ನನಗೂ ಇರಲಿಲ್ಲ, ನಮ್ಮ ಯಜಮಾನರಿಗೂ ಇರಲಿಲ್ಲ.

ಮೊದಲೇ ಮಾತಾಡಿದ ಒಬ್ಬರನ್ನು ನಾನು ಬಲ್ಲೆ. ಅವರಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ.

2001ರಲ್ಲಿ ನನಗೆ ಮಸ್ಕಿಗೆ ವರ್ಗವಾಯಿತು. ಮಸ್ಕಿ ಆಗ ಲಿಂಗಸುಗೂರು ತಾಲ್ಲೂಕಿಗೆ ಸೇರಿತ್ತು. ಅಲ್ಲಿ ನಮಗೆ ಸಿಕ್ಕಿದ್ದು ಒಬ್ಬ ಮುದುಕಿಯ ಮಣ್ಣಿನ ಮಾಳಿಗೆ ಮನೆ. ಕಲ್ಲಿನ ಗೋಡೆ, ಕಟ್ಟಿಗೆಯ ತೊಲೆ, ಮೇಲೆ ಮಣ್ಣು. ಅಜ್ಜಿ ಅದೇ ಅಂಗಳದ ಇನ್ನೊಂದು ಬದಿಯಲ್ಲಿ ಮೊಮ್ಮಗನೊಡನೆ ಇದ್ದರು. ನಾವು ಕೊಡುವ ಬಾಡಿಗೆಯೇ ಅವರ ಔಷಧಿಗೂ ಹುಡುಗನ ಪುಸ್ತಕಕ್ಕೂ ಆಗುತ್ತಿತ್ತು. ಮಾಲೀಕರೆಂದರೆ ಸಿರಿವಂತರು ಎಂದು ತಿಳಿಯಬಾರದೆಂಬುದನ್ನು ನಾನು ಅಲ್ಲಿ ಕಲಿತೆ. ಆದರೂ ಪ್ರತಿ ವರ್ಷ ಮಿರಗದ ಮಳೆ ಬೀಳುವ ಮೊದಲು ಅಜ್ಜಿ ಆಳುಗಳನ್ನು ಹಚ್ಚಿ ಮಾಳಿಗೆಗೆ ಹೊಸ ಮಣ್ಣು ಹಾಕಿಸಿ, ತುಳಿಸಿ, ಗಟ್ಟಿ ಮಾಡಿಸುತ್ತಿದ್ದರು. ಆ ಖರ್ಚನ್ನು ಒಂದು ಸಲವೂ ನಮ್ಮ ಮೇಲೆ ಹಾಕಲಿಲ್ಲ. ನಾನೇ ಒಮ್ಮೆ ಅರ್ಧ ಕೊಡಲು ಹೋದರೆ, “ಮನಿ ಸೋರಿದ್ರ ಅದು ನನ್ನ ಮನಿ ಸೋರಿದಂಗ ತಂಗಿ, ನಿಂದಲ್ಲ” ಎಂದರು.

ಆ ಮನೆಗೆ ಪಾಯಿಖಾನೆ ಇರಲಿಲ್ಲ. ನನ್ನ ಮಗಳಿಗೆ ಆಗ ಎಂಟು ವರ್ಷ. ಹೆಣ್ಣುಮಕ್ಕಳು ಕತ್ತಲಾಗುವುದನ್ನು ಕಾಯುವ ಕಷ್ಟವನ್ನು ನಾನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಸಿಂಧನೂರಿನ ಅನುಭವವಿದ್ದುದರಿಂದ ಈ ಸಲ ಹಣದ ಮಾತನ್ನೇ ಮೊದಲು ಎತ್ತಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀ ಇಲ್ಲಿ ಎಷ್ಟು ವರ್ಷ ಇರ್ತಿ?” ಎಂದು ಕೇಳಿದರು. ಐದು ವರ್ಷವಂತೂ ಇರಬಹುದು ಎಂದೆ. “ನನ್ಹತ್ರ ಈಗ ರೊಕ್ಕ ಇಲ್ಲ. ನೀ ಹಾಕಿ ಕಟ್ಟಿಸು. ಅರ್ಧ ನಿಂದು, ಅರ್ಧ ನಂದು. ನನ್ನ ಅರ್ಧ ತಿಂಗ್ಳಾ ಬಾಡಿಗ್ಯಾಗ ನೂರು ರೂಪಾಯಿ ಮುರ್ಕೊಂತ ಹೋಗು. ನೀ ಇರೋತನಕ ಈ ಕೆಲ್ಸದ ಹೆಸರ್ಲೆ ನಾ ಬಾಡಿಗಿ ಏರಿಸಂಗಿಲ್ಲ. ನೀ ಹೋದಮ್ಯಾಲ ಬಂದೋರಿಗೆ ಏರಿಸ್ತೀನಿ” ಎಂದರು. ಮೊಮ್ಮಗನ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಅದನ್ನು ನನ್ನಿಂದಲೇ ಬರೆಸಿ, ಹೆಬ್ಬೆಟ್ಟು ಒತ್ತಿದರು.

ಅಜ್ಜಿಯ ಪ್ರಶ್ನೆಯಲ್ಲಿಯೇ ನ್ಯಾಯವಿತ್ತು: ನೀನು ಎಷ್ಟು ವರ್ಷ ಇರುತ್ತೀ? ಅಂದರೆ, ಈ ವಸ್ತುವಿನ ಆಯುಷ್ಯದಲ್ಲಿ ನಿನ್ನ ಪಾಲು ಎಷ್ಟು, ನನ್ನ ಪಾಲು ಎಷ್ಟು? ಇರುವಷ್ಟು ದಿನಕ್ಕೆ ಇರುವವರು ಕೊಡಬೇಕು. ಉಳಿಯುವಷ್ಟು ದಿನಕ್ಕೆ ಉಳಿಸಿಕೊಳ್ಳುವವರು ಕೊಡಬೇಕು. ಕಾಯ್ದೆಯ ಪುಸ್ತಕದಲ್ಲಿ ನನಗೆ ಸಿಗದಿದ್ದ ಸೂತ್ರ ಒಂದು ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಸಿಕ್ಕಿತು.

ಮಸ್ಕಿಯಲ್ಲಿದ್ದಾಗ ಪ್ರತಿ ವರ್ಷ ಮಕ್ಕಳನ್ನು ಅಶೋಕನ ಶಾಸನ ತೋರಿಸಲು ಕರೆದೊಯ್ಯುತ್ತಿದ್ದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರು ಅದನ್ನು ಕಂಡರು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಇದ್ದುದರಿಂದ ಮಸ್ಕಿ ಚರಿತ್ರೆಯ ಪುಸ್ತಕಗಳಿಗೆ ಸೇರಿತು. ಬೇರೆ ಶಾಸನಗಳಲ್ಲಿ ಅಶೋಕ ದಾರಿಯ ಬದಿಯಲ್ಲಿ ಮರ ನೆಡಿಸಿದ, ಬಾವಿ ತೋಡಿಸಿದ ಮಾತು ಬರುತ್ತದೆ ಎಂದು ಹೇಳುವಾಗ ಒಬ್ಬ ಹುಡುಗ, “ದಾರಿ ಹಿಡಿದು ಹೋಗೋರೇ ಬಾವಿ ತೋಡ್ಕೋಬೇಕಿತ್ತಲ್ರಿ ಟೀಚರ್, ನೀರು ಬೇಕಾಗಿದ್ದು ಅವರಿಗೇ” ಎಂದ. ಎಲ್ಲರೂ ನಕ್ಕರು. ನನಗೆ ನಮ್ಮ ಸಿಂಧನೂರಿನ ಯಜಮಾನರ ನೆನಪಾಯಿತು. ದಾರಿಹೋಕನಿಗೆ ಬಾವಿ ಬೇಕು ನಿಜ, ಆದರೆ ಅವನು ಒಂದು ಹೊತ್ತು ನಿಲ್ಲುವವನು. ಬಾವಿ ನೂರು ವರ್ಷ ನಿಲ್ಲುವಂಥದು. ಬೇಕಾದವರೇ ಮಾಡಿಕೊಳ್ಳಲಿ ಎಂದರೆ ಯಾವ ದಾರಿಯಲ್ಲೂ ಬಾವಿ ಏಳುತ್ತಿರಲಿಲ್ಲ.

ಇತಿಹಾಸ ಪಾಠ ಮಾಡುವವಳಾದ್ದರಿಂದ ಇನ್ನೊಂದು ಉದಾಹರಣೆ ನೆನಪಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಐರ್ಲೆಂಡಿನಲ್ಲಿ ಗೇಣಿದಾರರು ಜೌಗು ನೆಲವನ್ನು ಹಸನು ಮಾಡಿ, ಮನೆ ಕಟ್ಟಿಕೊಂಡರೆ, ನೆಲ ಉತ್ತಮವಾಯಿತೆಂದು ಜಮೀನ್ದಾರರು ಗೇಣಿ ಏರಿಸಬಹುದಾಗಿತ್ತು. ನಮ್ಮ ಅಡುಗೆ ಕಟ್ಟೆಯ ಕಥೆಯೇ! 1870ರಲ್ಲಿ ಗ್ಲಾಡ್‌ಸ್ಟನ್ನರ ಸರ್ಕಾರ, ಭೂಮಿ ಬಿಟ್ಟು ಹೋಗುವ ಗೇಣಿದಾರ ಮಾಡಿದ ಸುಧಾರಣೆಗೆ ಪರಿಹಾರ ಕೊಡಬೇಕೆಂದು ಕಾಯ್ದೆ ತಂದಿತು. ನಮ್ಮ ರಾಜ್ಯದಲ್ಲಿ 1974ರ ಭೂಸುಧಾರಣೆ ಇನ್ನೂ ಮುಂದೆ ಹೋಗಿ ಉಳುವವನೇ ಒಡೆಯ ಎಂದಿತು. ಮನೆಯ ವಿಷಯದಲ್ಲಿ ಇರುವವರೇ ಒಡೆಯರು ಎಂದು ನಾನು ಹೇಳುವುದಿಲ್ಲ. ಹಾಗಾದರೆ ಮಸ್ಕಿಯ ಅಜ್ಜಿಯಂಥವರು ಬೀದಿಗೆ ಬೀಳುತ್ತಾರೆ. ಮಾಲೀಕರ ಕೈಯನ್ನು ತೀರಾ ಕಟ್ಟಿಹಾಕಿದರೆ ಏನಾಗುತ್ತದೆಂಬುದನ್ನು ಮುಂಬಯಿಯಲ್ಲಿ ನೋಡಬಹುದು. 1947ರ ಬಾಡಿಗೆ ಕಾಯ್ದೆ ಅಲ್ಲಿನ ಹಳೆಯ ಬಾಡಿಗೆಗಳನ್ನು ಇದ್ದಲ್ಲೇ ನಿಲ್ಲಿಸಿತು. ಬಂದ ಬಾಡಿಗೆಯಲ್ಲಿ ದುರಸ್ತಿ ಸಾಗದೆ ಮಾಲೀಕರು ಕೈಬಿಟ್ಟರು, ಕಟ್ಟಡಗಳು ಶಿಥಿಲವಾದವು. ಕೊನೆಗೆ ಸೆಸ್ ವಸೂಲಿ ಮಾಡಿ ದುರಸ್ತಿ ಮಾಡಿಸಲು 1969ರಲ್ಲಿ ಸರ್ಕಾರವೇ ಕಾಯ್ದೆ ಮಾಡಿ ಒಂದು ಮಂಡಳಿ ರಚಿಸಬೇಕಾಯಿತು. ಒಬ್ಬರ ಮೇಲೆಯೇ ಎಲ್ಲ ಭಾರ ಹಾಕಿದರೆ, ಆ ಒಬ್ಬರು ಯಾರೇ ಆಗಿರಲಿ, ಕೊನೆಗೆ ಕುಸಿಯುವುದು ಮನೆ.

ಇಷ್ಟೆಲ್ಲ ತಿಳಿದವಳು ನಾನು. ಇನ್ನು ನನ್ನ ಕಥೆ ಹೇಳಬೇಕು.

2012ರಲ್ಲಿ ಬ್ಯಾಂಕಿನ ಸಾಲ ಮಾಡಿ ಲಿಂಗಸುಗೂರಿನಲ್ಲಿ ಮನೆ ಕಟ್ಟಿದೆವು. ಮೇಲಿನ ಬಾಡಿಗೆ ಸಾಲದ ಕಂತಿಗೆ ಆಗಲೆಂದು ಆಸೆ. ಕೆಳಗೆ ನಮಗಾಗಿ ಕಟ್ಟುವಾಗ ಗಾಳಿ, ಬೆಳಕು, ಗೂಡು, ಕಟ್ಟೆ ಎಲ್ಲ ನೋಡಿ ನೋಡಿ ಮಾಡಿಸಿದೆ. ಮೇಲಿನದಕ್ಕೆ ಬಂದಾಗ ಕೈಯಲ್ಲಿ ಹಣವೂ ಇರಲಿಲ್ಲ, ನಿಜ ಹೇಳಬೇಕೆಂದರೆ ಮನಸ್ಸೂ ಇರಲಿಲ್ಲ. “ಬಾಡಿಗೆಗೆ ತಾನೆ” ಎಂಬ ಮಾತು ನನ್ನ ಬಾಯಿಂದಲೇ ಬಂದಿತ್ತು. ನಮ್ಮ ಬೇಸಿಗೆ ಎಂಥದೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಮಣ್ಣಿನ ಮಾಳಿಗೆ ಮಧ್ಯಾಹ್ನದಲ್ಲೂ ತಂಪಾಗಿರುತ್ತಿತ್ತು. ಆರ್‌ಸಿಸಿ ಚಾವಣಿ ಹಗಲೆಲ್ಲ ಕಾದು, ರಾತ್ರಿಯೆಲ್ಲ ಆ ಕಾವನ್ನು ಒಳಗೆ ಬಿಡುತ್ತದೆ. ಮೇಲಿನ ಮನೆ ಏಪ್ರಿಲ್, ಮೇ ತಿಂಗಳಲ್ಲಿ ರೊಟ್ಟಿಯ ಹಂಚಿನಂತಾಗುತ್ತದೆ.

2021ರಲ್ಲಿ ಅಲ್ಲಿಗೆ ಒಂದು ಸಂಸಾರ ಬಂತು. ಗಂಡ ಬೀಜ ಗೊಬ್ಬರದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಜೊತೆಗೆ ಮೊಣಕಾಲು ನೋವಿನ ಅತ್ತೆ. ಬಾಡಿಗೆ 4,500. ಮರುವರ್ಷ ಬೇಸಿಗೆಯಲ್ಲಿ ಆ ಹುಡುಗಿ ಎರಡು ಮಾತು ಕೇಳಿದಳು. ಚಾವಣಿಯ ಮೇಲೆ ಏನಾದರೂ ನೆರಳು ಮಾಡಿಸಿ, ಅತ್ತೆಗೆ ಕೆಳಗೆ ಕೂರಲು ಆಗುವುದಿಲ್ಲ, ಒಂದು ಕಮೋಡು ಹಾಕಿಸಿ. “ನೋಡೋಣಮ್ಮ” ಎಂದೆ. ನೋಡೋಣ ಎನ್ನುವುದು ಮಾಲೀಕರ ಭಾಷೆ. ಇಲ್ಲ ಎನ್ನುವ ಕೆಟ್ಟತನವೂ ಬೇಡ, ಹೌದು ಎನ್ನುವ ಖರ್ಚೂ ಬೇಡ ಎನ್ನುವವರು ಅದನ್ನು ಆಡುತ್ತಾರೆ.

2023ರಲ್ಲಿ ಅವರೇ ಮಾಡಿಸಿಕೊಂಡರು. ಕಬ್ಬಿಣದ ಕಂಬಿ ನಿಲ್ಲಿಸಿ ಅರ್ಧ ಚಾವಣಿಗೆ ತಗಡು ಹಾಕಿದರು, ಉಳಿದರ್ಧಕ್ಕೆ ಬಿಳಿ ಬಣ್ಣ ಬಳಿದರು. ನೆಲ ಒಡೆಸಿ, ಕೊಳವೆ ಬದಲಿಸಿ ಕಮೋಡು ಕೂರಿಸಿದರು. ಅದಕ್ಕೇ 14,000 ರೂಪಾಯಿ ಆಯಿತಂತೆ. ಕೇಳಿದಾಗ ನಾನು, “ಮಾಡಿಸ್ಕೋರಿ, ನಮ್ದೇನು ಅಭ್ಯಂತರ ಇಲ್ಲ” ಎಂದೆ. ಆ ಮಾತನ್ನು ಹಿಂದೆ ಎಲ್ಲಿ ಕೇಳಿದ್ದೆ ಎಂಬುದು ಆ ಕ್ಷಣದಲ್ಲಿ ನನಗೆ ಹೊಳೆಯಲಿಲ್ಲ.

2024ರ ಜೂನ್‌ನಲ್ಲಿ ಹನ್ನೊಂದು ತಿಂಗಳ ಕರಾರು ಮತ್ತೆ ಬರೆಯುವ ಹೊತ್ತು ಬಂತು. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕಾಗುವುದರಿಂದ ಎಲ್ಲರೂ ಹನ್ನೊಂದು ತಿಂಗಳಿಗೇ ಬರೆಯುತ್ತಾರೆ. ಹನ್ನೊಂದು ತಿಂಗಳ ಮಾತಿನ ಮೇಲೆ ಹತ್ತು ವರ್ಷ ಬಾಳುವ ವಸ್ತುವನ್ನು ಕೂರಿಸುವವರ ಎದೆಗಾರಿಕೆಯನ್ನು ಮೆಚ್ಚಬೇಕು. ನಮ್ಮವರು, ಮಗ ಕೂತು ಲೆಕ್ಕ ಹಾಕಿ, ಈಗಿನ ದರ 6,000 ಎಂದರು. ಮನೆ ಈಗ ತಂಪಾಗಿದೆ, ಕಮೋಡಿದೆ, ಕೊಡುವವರಿದ್ದಾರೆ ಎಂದರು. ನಾನು ಪಕ್ಕದಲ್ಲೇ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದೆ. ತಲೆ ಎತ್ತಿ, “ಆಯ್ತು, ಹೇಳಿ” ಎಂದೆ.

ಅವರು ಜಗಳವಾಡಲಿಲ್ಲ. ಆ ತಿಂಗಳ ಕೊನೆಗೇ ಮನೆ ಖಾಲಿ ಮಾಡಿದರು. ತಗಡು, ಕಂಬಿ ಬಿಚ್ಚಿ ಗಾಡಿಗೆ ಹೇರಿಕೊಂಡರು. ಬೀಗದ ಕೈ ಕೊಡಲು ಬಂದ ಆ ಹುಡುಗಿ, “ಕಮೋಡು ತೆಗೆದ್ರ ನೆಲ ಒಡೀತೈತ್ರಿ ಮೇಡಂ. ಅದನ್ನ ಅಲ್ಲೇ ಬಿಟ್ಟೀವಿ” ಎಂದಳು. ಅಷ್ಟೇ. ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಸಿಂಧನೂರಿನ ಹಿತ್ತಲ ತೊಟ್ಟಿಯ ಮುಂದೆ ನಿಂತಿದ್ದ ಇಪ್ಪತ್ತೈದು ದಾಟಿದ ಟೀಚರಮ್ಮ ನನ್ನೆದುರಿಗೆ ನಿಂತು ಬೀಗದ ಕೈ ಕೊಟ್ಟು ಹೋದಂತಾಯಿತು.

ಆ ರಾತ್ರಿ ಅಜ್ಜಿಯ ಲೆಕ್ಕವನ್ನು ಹಾಕಿದೆ. ತಗಡನ್ನು ಅವರು ಒಯ್ದರು, ಅದು ಅವರದು. ಬಣ್ಣ ಬಿಸಿಲಿಗೆ ಹೋಗುವಂಥದು. ಅದೂ ಅವರ ಖರ್ಚು. ಉಳಿದದ್ದು ಕಮೋಡು. ಕಡಿಮೆಯೆಂದರೂ ಹತ್ತು ವರ್ಷ ಬಾಳುವ ವಸ್ತು. ವರ್ಷಕ್ಕೆ 1,400. ಅವರು ಬಳಸಿದ್ದು ಒಂದು ವರ್ಷ. ಮಿಕ್ಕ 12,600 ರೂಪಾಯಿ ನಮ್ಮ ಮನೆಯ ನೆಲದಲ್ಲಿ ಹೂತು ಕುಳಿತಿದೆ, ಅದು ನಮ್ಮದಲ್ಲ. ನಮ್ಮವರಿಗೆ ಹೇಳಿದೆ. “ಯಾವ ಕಾನೂನಿನಾಗ ಐತಿ ಇದು?” ಎಂದರು. ಕಾನೂನಿನಲ್ಲಿ ಇಲ್ಲ ಎಂದೆ. “ಹಂಗಾರ ಊರಾಗ ಯಾರು ಕೊಡ್ತಾರ?” ಮಸ್ಕಿಯ ಅಜ್ಜಿ ಕೊಟ್ಟಿದ್ದರು ಎಂದೆ. ಅವರು ಮರುಮಾತಾಡಲಿಲ್ಲ. ಆ ಪಾಯಿಖಾನೆಗೆ ಹೆಚ್ಚು ಖುಷಿಪಟ್ಟವರಲ್ಲಿ ಅವರೂ ಒಬ್ಬರು.

ಹಣ ತೆಗೆದುಕೊಂಡು ಅವರ ಹೊಸ ಮನೆಗೆ ಹೋದೆ. ಊರ ಅಂಚಿನಲ್ಲಿ, ನಮ್ಮ ಹಳೆಯ ಬಾಡಿಗೆಗಿಂತಲೂ ಕಡಿಮೆಯ ಎರಡು ಕೋಣೆ. ಹುಡುಗಿ ಚಹಾ ಮಾಡಿಕೊಟ್ಟಳು. ಹಣ ಎಣಿಸಿ ಇಟ್ಟುಕೊಂಡಳು. ನಾನು ಮನಸ್ಸಿನಲ್ಲೇ ಅಂದುಕೊಂಡು ಹೋಗಿದ್ದಂತೆ ಅವಳು ಕಣ್ಣೀರು ತುಂಬಿಕೊಂಡು ಕೈಹಿಡಿಯಲಿಲ್ಲ. “ಈಗ ಯಾಕ್ರಿ ಮೇಡಂ? ಆವಾಗ ಇದೊಂದು ಮಾತು ಆಡಿದ್ರ ನಾವು ಮನಿ ಬಿಡ್ತಿದ್ದಿಲ್ಲ” ಎಂದಳು. ಒಳಗಿನಿಂದ ಅತ್ತೆ ಗೋಡೆ ಹಿಡಿದು, ಹೆಜ್ಜೆಗೊಮ್ಮೆ ನಿಂತು ಹಿತ್ತಲಿಗೆ ಹೋಗುತ್ತಿದ್ದುದು ಕಾಣುತ್ತಿತ್ತು. ಆ ಮನೆಯಲ್ಲಿ ಕಮೋಡು ಇರಲಿಲ್ಲ. ನನ್ನ 12,600 ರೂಪಾಯಿಯಲ್ಲಿ ಅದನ್ನು ಇನ್ನೊಬ್ಬರ ನೆಲದಲ್ಲಿ ಮತ್ತೆ ಹೂಳಲು ಅವಳಿಗೆ ಧೈರ್ಯವಾದೀತೇ? ಹೇಗೆ ಹೇಳಲಿ?

ಲೆಕ್ಕ ತೀರಿಸುವುದೂ ನ್ಯಾಯವೂ ಒಂದೇ ಅಲ್ಲವೆಂದು ಅಂದು ತಿಳಿಯಿತು. ನಾನು ಹಣವನ್ನು ತೀರಿಸಿದೆ. ಆ ಮುದುಕಿಯ ಮೊಣಕಾಲಿಗೆ ತೀರಿಸಲು ನನ್ನಿಂದಾಗಲಿಲ್ಲ. ನ್ಯಾಯಕ್ಕೆ ಒಂದು ಹೊತ್ತು ಎಂಬುದಿರುತ್ತದೆ. ಅದು ದಾಟಿದ ಮೇಲೆ ಕೊಟ್ಟದ್ದು ನಮ್ಮ ಮನಸ್ಸಿನ ಸಮಾಧಾನಕ್ಕೆ ಮಾತ್ರ ಆಗುತ್ತದೆ.

ಈಗ ಮೇಲಿನ ಮನೆಗೆ ಬೇರೆ ಸಂಸಾರ ಬಂದಿದೆ. ಚಾವಣಿಗೆ ನಾವೇ ತಗಡು ಹಾಕಿಸಿದ್ದೇವೆ. ಬಾಡಿಗೆಯನ್ನು ಅದಕ್ಕೆ ತಕ್ಕಂತೆ ಮೊದಲೇ ಹೇಳಿ, ಅವರು ಒಪ್ಪಿದ ಮೇಲೆಯೇ ಗೊತ್ತುಮಾಡಿದೆವು. ಕೊಡುವವರು ಪಡೆಯುವುದು ತಪ್ಪಲ್ಲ, ಕೊಡದೆ ಪಡೆಯುವುದು ತಪ್ಪು. ಕರಾರಿಗೆ ಒಂದು ಹಾಳೆ ಸೇರಿಸಿದ್ದೇವೆ: ಯಾವುದು ನಮ್ಮ ಖರ್ಚು, ಯಾವುದು ಅವರದು, ಒಯ್ಯಲಾಗದ್ದನ್ನು ಮಾಡಿಸುವ ಮೊದಲು ಇಬ್ಬರೂ ಕೂತು ಅದರ ಆಯುಷ್ಯವನ್ನೂ ಪಾಲನ್ನೂ ಬರೆಯುವುದು. ಆ ಹಾಳೆ ಬರೆಯುವಾಗ ಗಂಡಸರಿಬ್ಬರ ಜೊತೆ ನಾನೂ ಆ ಮನೆಯ ಹೆಣ್ಣುಮಗಳೂ ಕೂತಿದ್ದೆವು. ಅಡುಗೆಮನೆಯ ಕಿಟಕಿ ಚಿಕ್ಕದೆಂಬುದು ಅವಳು ಬಾಯಿ ಬಿಟ್ಟಾಗಲೇ ಪಟ್ಟಿಗೆ ಸೇರಿತು.

ಇನ್ನೂ ಬಗೆಹರಿಯದ್ದಿದೆ. 2024ರಲ್ಲಿ ಕೇಂದ್ರ ಸರ್ಕಾರ ಮನೆಯ ಚಾವಣಿಯ ಸೌರ ವಿದ್ಯುತ್ತಿಗೆ 78,000 ರೂಪಾಯಿವರೆಗೆ ಸಹಾಯಧನ ಕೊಡುವ ಸೂರ್ಯಘರ್ ಯೋಜನೆ ತಂದಿತು. ಚಾವಣಿ ಇರುವವರಿಗೆ ಅದು ಒಳ್ಳೆಯದೇ. ಬಾಡಿಗೆದಾರರಿಗೆ ಚಾವಣಿ ಎಲ್ಲಿದೆ? ಮೇಲಿನ ಮನೆಯ ಕರೆಂಟು ಬಿಲ್ಲು ನನ್ನದಲ್ಲವಾದ್ದರಿಂದ ಅವರಿಗಾಗಿ ನಾನು ಹಾಕಿಸುವ ಅವಸರ ಮಾಡುವುದಿಲ್ಲ. ಚಾವಣಿ ಅವರದಲ್ಲವಾದ್ದರಿಂದ ಅವರು ಹಾಕಿಸಲಾರರು. ಕಾಸಿನ ಲೆಕ್ಕದಲ್ಲಿ ಇಬ್ಬರೂ ಜಾಣರು, ಸೂರ್ಯ ಮಾತ್ರ ಸುಮ್ಮನೆ ಸುಡುತ್ತಾನೆ. ಈ ವಿಷಯವನ್ನೂ ಒಂದು ದಿನ ಆ ಹಾಳೆಗೆ ತರಬೇಕು.

ಬಾಡಿಗೆ ಮನೆಯಲ್ಲಿರುವ ನನ್ನ ಸೋದರಿಯರಿಗೆ ಹೇಳುವುದಿಷ್ಟೆ: ಅಪ್ಪಣೆಯನ್ನು ಮಾತ್ರ ಕೇಳಬೇಡಿ, ಪಾಲನ್ನೂ ಕೇಳಿ, ಸಂಕೋಚ ಬೇಡ. ಬಾಡಿಗೆಗೆ ಕೊಟ್ಟವರಿಗೂ ಒಂದು ಮಾತು. ಬಾಡಿಗೆ ಏರಿಸುವ ಮೊದಲು ಒಮ್ಮೆ ಮೆಟ್ಟಿಲು ಹತ್ತಿ ಮೇಲೆ ಹೋಗಿ ಬನ್ನಿ. ಮನೆ ಮೊದಲಿಗಿಂತ ಚೆನ್ನಾಗಿ ಕಂಡರೆ, ಅದು ಯಾರ ದುಡ್ಡಿನಿಂದ ಚೆನ್ನಾಯಿತೆಂದು ಕೇಳಿಕೊಳ್ಳಿ. ನಾನು ಆ ಹನ್ನೆರಡು ಮೆಟ್ಟಿಲು ಹತ್ತಲಿಲ್ಲ.